ಅಂತರ್ಜಾಲ ಕರೆ: ಉಳಿತಾಯದ ಲೆಕ್ಕಾಚಾರ

ಅಂತರ್ಜಾಲ ಆ್ಯಪ್‌ಗಳ ಮೂಲಕ ಮಾಡುವ ಕರೆ ಉಚಿತವೆಂಬ ಭಾವನೆ ವರ್ತಕರಲ್ಲಿ ವ್ಯಾಪಕವಾಗಿದೆ. ವಾಸ್ತವವಾಗಿ ಅಲ್ಲಿ ವೆಚ್ಚವು ನಿಮಿಷದ ಲೆಕ್ಕದಿಂದ ಡೇಟಾ ಲೆಕ್ಕಕ್ಕೆ ವರ್ಗವಾಗುತ್ತದೆ, ಅಷ್ಟೆ.

ಧ್ವನಿಗೆ ಸೆಕೆಂಡಿಗೆ 24 ಕಿಲೋಬಿಟ್, ಅದರೊಡನೆ ಸಾಗುವ ವಿಳಾಸಾದಿ ವಿವರಗಳಿಗೆ 16 ಕಿಲೋಬಿಟ್ ಎಂದಿಟ್ಟುಕೊಂಡರೆ, ಹೋಗುವ ಮತ್ತು ಬರುವ ಮಾತು ಸೇರಿ 80 ಕಿಲೋಬಿಟ್ ಆಗುತ್ತದೆ. ಅಂದರೆ ನಿಮಿಷಕ್ಕೆ 0.6 ಮೆಗಾಬೈಟ್, ಗಂಟೆಗೆ 36 ಮೆಗಾಬೈಟ್. ವಿಡಿಯೊ ಸೇರಿದರೆ ಬಳಕೆ ಹಲವು ಪಟ್ಟು ಏರುತ್ತದೆ.

ಭಾರತದಲ್ಲಿ 2003ರ ಮೇ 1ರಿಂದ ಮೊಬೈಲಿಗೆ ಒಳಬರುವ ಕರೆ ಉಚಿತವಾಯಿತು. ಆ್ಯಪ್ ಕರೆಯಲ್ಲಾದರೋ ಸ್ವೀಕರಿಸುವವರ ಡೇಟಾ ಸಹ ವ್ಯಯವಾಗುತ್ತದೆ. 2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಬಂದ ಬಳಿಕ ಮಿತಿಯಿಲ್ಲದ ಕರೆಯ ಯೋಜನೆಗಳು ಸಾಮಾನ್ಯವಾದವು. ಅಂಥ ಯೋಜನೆಯುಳ್ಳವರಿಗೆ ದೇಶದೊಳಗಿನ ಆ್ಯಪ್ ಕರೆಯಿಂದ ಉಳಿತಾಯವಿಲ್ಲ. ನಿಜವಾದ ಲಾಭವಿರುವುದು ವಿದೇಶಿ ಗ್ರಾಹಕರೊಡನೆ ನಡೆಸುವ ಮಾತುಕತೆಯಲ್ಲಿ. ಅಲ್ಲಿ ನಿಮಿಷಕ್ಕಿಷ್ಟೆಂಬ ಐಎಸ್‌ಡಿ ದರ ತಪ್ಪುತ್ತದೆ.

ಆದರೆ ವಿದೇಶ ಪ್ರವಾಸದಲ್ಲಿ ರೋಮಿಂಗ್ ಪ್ಯಾಕ್ ಇಲ್ಲದೆ ಡೇಟಾ ಬಳಸಿದರೆ ಆ ಲಾಭ ಕರಗಿಹೋಗಬಹುದು. ಆದುದರಿಂದ ಉದ್ದಿಮೆದಾರರು ಹೊರಡುವ ಮುನ್ನವೇ ಪ್ಯಾಕ್ ದರವನ್ನು ವಿಚಾರಿಸಿಕೊಂಡು, ಸಾಧ್ಯವಿದ್ದೆಡೆ ವೈಫೈ ಬಳಸುವುದು ಲೇಸು.