ಬಾಟಲಿಯ ಬಾಯಿ ಕಲಿಸಿದ್ದು

ಐನಾಪುರದ ಸುತ್ತಮುತ್ತ ದ್ರಾಕ್ಷಿ ತೋಟಕ್ಕೆ, ಕಬ್ಬಿಗೆ ಡ್ರಿಪ್ ಕೂಡಿಸುವುದು ನನ್ನ ಕೆಲಸ. 2023ರ ಆಗಸ್ಟ್ 23ರಂದು ಚಂದ್ರಯಾನ-3 ಇಳಿದ ಮೇಲೆ ನಮ್ಮ ಓಣಿಯ ಹುಡುಗರಿಗೆಲ್ಲ ರಾಕೆಟ್ಟಿನ ಹುಚ್ಚು ಹತ್ತಿತು. ಎಂಟನೇ ತರಗತಿ ಓದುತ್ತಿದ್ದ ಅಕ್ಕನ ಮಗಳು ಬಂದು, "ಮಾಮಾ, ನಿನ್ ಕಡೆ ಅರ್ಧ ಇಂಚಿನ ಪೈಪಿನ ತುಂಡ ಐತೇನ? ಸಾಲ್ಯಾಗ ನೀರಿನ ರಾಕೆಟ್ ಮಾಡೂದೈತಿ" ಅಂದಳು. ಇದೇನು ಹತ್ತು ನಿಮಿಷದ ಕೆಲಸ ಎಂದುಕೊಂಡೆ. ಪೈಪು, ವಾಲ್ವು, ಒತ್ತಡ ಎಲ್ಲ ನನ್ನ ದಿನನಿತ್ಯದ ಸರಕು. ಆ ಹತ್ತು ನಿಮಿಷ ದಸರಾ ರಜೆ ಮುಗಿದರೂ ಮುಗಿಯಲಿಲ್ಲ.

1. ಅರ್ಧ ಇಂಚು ಅನ್ನುವುದು ಒಂದಲ್ಲ

ನೀರಿನ ರಾಕೆಟ್ಟೆಂದರೆ ಒಳಗೆ ನೀರು ಹಾಕಿ, ಬಾಯಿ ಕೆಳಗೆ ಮಾಡಿ ಪೈಪಿನ ಮೇಲೆ ಕೂಡಿಸಿ, ಹವಾ ತುಂಬಿ ಬಿಡುವ ತಂಪು ಪಾನೀಯದ ಬಾಟಲಿ. ಅದರ ಬಾಯಿಯ ಒಳ ಅಗಲ 21.7 ಮಿಲಿಮೀಟರಿನಷ್ಟು. ಪಾನೀಯ ಯಾವುದೇ ಇರಲಿ, ಬಾಯಿಯ ಅಳತೆ ಹೆಚ್ಚುಕಡಿಮೆ ಅದೇ. ಇನ್ನು ಅಂಗಡಿಗೆ ಹೋಗಿ "ಅರ್ಧ ಇಂಚು ಪೈಪ್ ಕೊಡ್ರಿ" ಅಂದರೆ ಮೂರು ಬಗೆಯವು ಕೈಗೆ ಬರುತ್ತವೆ. ಹೊಲಕ್ಕೆ ಹಾಕುವ ಬೂದು ಪೈಪಿನ ಹೊರ ಅಳತೆ 20 ಮಿ.ಮೀ.; ಬಾಟಲಿಯೊಳಗೆ ಗಿಲಗಿಲ ಅಲ್ಲಾಡುತ್ತದೆ. ಬಿಸಿನೀರಿನ ಸಿಪಿವಿಸಿ ಪೈಪು 16ರ ಹತ್ತಿರ, ಇನ್ನೂ ಸಡಿಲ. ಮನೆಯ ನಲ್ಲಿ ಕೆಲಸಕ್ಕೆ ಬಳಸುವ ಬಿಳಿ ಯುಪಿವಿಸಿ ಮಾತ್ರ 21.3, ಬಾಟಲಿಗೆಂದೇ ಹೇಳಿ ಮಾಡಿಸಿದ ಹಾಗೆ ಕೂಡುತ್ತದೆ. ಇಪ್ಪತ್ತು ವರ್ಷ ಪೈಪು ಕೊಯ್ದವನಿಗೆ ಇದು ಗೊತ್ತಿರಬೇಕಿತ್ತು. ಆದರೆ ಹೊಲದ ಪೈಪೇ ಕಣ್ಣೆದುರು ಬಿದ್ದಿತ್ತು, ಅದನ್ನೇ ತುರುಕಿ ಸಂದಿಗೆ ಟೇಪು ಸುತ್ತಿದೆ. ಹವಾ ಹಾಕಿದಂತೆಲ್ಲ ಬುಡದಿಂದ ನೀರು ಸೋರಿ ನನ್ನ ಚಪ್ಪಲಿ ತೊಯ್ದವು.

ಈಗ ಬಿಳಿ ಪೈಪಿಗೆ ಬಾಟಲಿಯ ಬಾಯಿ ಕೂಡುವ ಕಡೆ ಹಾಕ್ಸಾ ಬ್ಲೇಡಿನಿಂದ ಸುತ್ತಲೂ ತೆಳ್ಳಗೆ ಗೀರಿ, ಅದರಲ್ಲಿ ಓ-ರಿಂಗ್ ಕೂಡಿಸುತ್ತೇನೆ. ಗೀರು ಆಳವಾದರೆ ಪೈಪು ಅಲ್ಲಿಯೇ ಮುರಿಯುತ್ತದೆ, ಮೇಲಾದರೆ ರಿಂಗು ಉರುಳಿ ಹೊರಗೆ ಬರುತ್ತದೆ. ರಿಂಗಿಗೆ ಒಂದು ಹನಿ ಸೋಪಿನ ನೀರು ಸಾಕು, ಗ್ರೀಸು ಬೇಡ, ಮಣ್ಣು ಹಿಡಿಯುತ್ತದೆ.

2. ಹವಾ ಯಾವ ಕಡೆ ದಬ್ಬುತ್ತದೋ ಆ ಕಡೆಗೇ ಬಿಗಿಯಾಗಬೇಕು

ಪೈಪಿನ ತುದಿಯ ಎಂಡ್ ಕ್ಯಾಪಿಗೆ ಹವಾ ಹಾಕುವ ವಾಲ್ವು ಬೇಕು. ಮೊದಲು ಹಳೆಯ ಸೈಕಲ್ ಟ್ಯೂಬಿನ ವಾಲ್ವನ್ನು ಹೊರಗಿನಿಂದ ತುರುಕಿ, ಸುತ್ತಲೂ ಎಂಸೀಲ್ ಮೆತ್ತಿದೆ. ಗೇಜು 30 ಪೌಂಡ್ ತೋರಿಸುವಷ್ಟರಲ್ಲಿ ವಾಲ್ವು ಗುಂಡಿನಂತೆ ಹಾರಿ ದನದ ಕೊಟ್ಟಿಗೆಯ ತಗಡಿಗೆ ಬಡಿಯಿತು. ರಾಕೆಟ್ಟು ಕೂತಲ್ಲೇ ಕೂತಿತ್ತು. ನನ್ನ ಮುಖ ಆ ವಾಲ್ವಿನಿಂದ ಒಂದು ಮೊಳ ದೂರದಲ್ಲಿತ್ತು ಅನ್ನುವುದನ್ನು ಮನೆಯಲ್ಲಿ ಇವತ್ತಿನವರೆಗೂ ಹೇಳಿಲ್ಲ.

ಪಂಕ್ಚರ್ ಅಂಗಡಿಯಲ್ಲಿ ಟ್ಯೂಬ್‌ಲೆಸ್ ಟೈರಿನ ರಬ್ಬರ್ ವಾಲ್ವು ಸಿಗುತ್ತದೆ. ಎಂಡ್ ಕ್ಯಾಪಿಗೆ ಹನ್ನೊಂದೂವರೆ ಮಿ.ಮೀ. ತೂತು ಹಾಕಿ, ವಾಲ್ವನ್ನು ಒಳಗಿನಿಂದ ಹೊರಕ್ಕೆ ಎಳೆದರೆ ಅದರ ದಪ್ಪ ಬುಡ ಒಳಗೇ ಉಳಿಯುತ್ತದೆ. ಹವಾ ಹೆಚ್ಚಿದಷ್ಟೂ ಬಿಗಿ. ಅಂಟೂ ಬೇಡ, ಎಂಸೀಲೂ ಬೇಡ. ಬಾಟಲಿಯ ಮುಚ್ಚಳಕ್ಕೆ ಕೂಡಿಸುವ ನಾಝಲ್‌ಗೂ ಇದೇ ಲೆಕ್ಕ: ಅಂಚು ಒಳಗಿರಬೇಕು.

3. ಸಣ್ಣ ತೂತು, ಉದ್ದನೆಯ ಉಸಿರು

ಮುಚ್ಚಳ ತೆಗೆದ ಪೂರ್ತಿ ಬಾಯಿಯೇ ನಾಝಲ್ ಆಗಬಹುದು. ಇಲ್ಲವೇ ಮುಚ್ಚಳಕ್ಕೆ ತೋಟದ ಹೋಸ್ ಪೈಪಿನ ಕ್ಲಿಕ್ ಕನೆಕ್ಟರಿನ ಗಂಡು ತುಂಡು ಕೂಡಿಸಿ, ಅದರ 9 ಮಿ.ಮೀ. ತೂತಿನಿಂದ ನೀರು ಬಿಡಬಹುದು. ಎರಡನ್ನೂ ಮಾಡಿ ನೋಡಿದೆವು.

60 ಪೌಂಡ್ ಹವೆಯಲ್ಲಿ ನೀರು ಹೊರಬೀಳುವ ವೇಗ ಎರಡಕ್ಕೂ ಒಂದೇ: ಮೊದಮೊದಲಿಗೆ ಗಂಟೆಗೆ 100 ಕಿಲೋಮೀಟರಿನ ಆಸುಪಾಸು. ವ್ಯತ್ಯಾಸ ಇರುವುದು ನೂಕಿನಲ್ಲಿ. ಪೂರ್ತಿ ಬಾಯಿಯಿಂದ ಸುಮಾರು 30 ಕಿಲೋ ಭಾರದಷ್ಟು ನೂಕು, 9 ಮಿ.ಮೀ.ನಿಂದ ಬರೀ 5 ಕಿಲೋ. ನೀರು ತುಂಬಿದ ರಾಕೆಟ್ಟಿನ ತೂಕ ಒಂದು ಕಿಲೋನೂ ಇಲ್ಲ, 30 ಕಿಲೋ ಒಮ್ಮೆಲೇ ಬಿದ್ದರೆ ಏನಾಗಬೇಕು? ಲಗ್ನಪತ್ರಿಕೆಯ ರಟ್ಟಿನಿಂದ ಮಾಡಿ ಅಂಟಿಸಿದ್ದ ರೆಕ್ಕೆಗಳು ನೆಲದಲ್ಲೇ ಕಳಚಿ ಬಿದ್ದವು, ಬಾಟಲಿ ಒಂದೇ ಮೇಲೆ ಹೋಗಿ ಕುಪ್ಪಳಿಸಿತು. ಕಣ್ಣು ಮಿಟುಕಿಸುವುದರೊಳಗೆ ನೀರೆಲ್ಲ ಖಾಲಿ. ಸಣ್ಣ ತೂತಿನದು ಹೆಚ್ಚುಕಡಿಮೆ ಅರ್ಧ ಸೆಕೆಂಡು ಉಗುಳುತ್ತ, ಬಾಲ ಬಿಡುತ್ತ ಏರುತ್ತದೆ. ನೋಡಲು ಅದೇ ಚೆಂದ, ಮಕ್ಕಳಿಗೆ ಅದೇ ಸುರಕ್ಷಿತ. ಎತ್ತರ ಬೇಕೆಂದರೆ ರೆಕ್ಕೆ ಗಟ್ಟಿ ಮಾಡಿಕೊಂಡು ಪೂರ್ತಿ ಬಾಯಿಗೆ ಹೋಗಬೇಕು.

ನೀರು ಬಾಟಲಿಯ ಮೂರನೇ ಒಂದು ಭಾಗ. "ಪೂರಾ ತುಂಬಿದ್ರ ಇನ್ನೂ ಮ್ಯಾಲ ಹೋಗತೈತಿ" ಎಂದು ಹುಡುಗರು ಹಟ ಹಿಡಿದರು. ತುಂಬಿ ಬಿಟ್ಟೆವು. ಹವೆಗೆ ಜಾಗವೇ ಇರಲಿಲ್ಲ. ಕೊಡ ಹೊತ್ತ ಮುದುಕಿಯಂತೆ ಎರಡಾಳು ಎತ್ತರ ಏರಿ ಕೂತುಬಿಟ್ಟಿತು.

4. ಪೈಪಿನ ಮೇಲೆ ಬರೆದ "6 ಕೆ.ಜಿ." ನೀರಿಗೆ

ಡ್ರಿಪ್ಪಿನವರು ಎಡವುವುದು ಇಲ್ಲೇ. ಪೈಪಿನ ಮೇಲೆ ಚದರ ಸೆಂಟಿಮೀಟರಿಗೆ 6 ಕೆ.ಜಿ. ಎಂದು ಅಚ್ಚಾಗಿರುತ್ತದೆ, ನಾವು ಹಾಕುವುದು 4ರ ಆಸುಪಾಸು, ಇನ್ನೇನು ಭಯ ಅನ್ನಿಸುತ್ತದೆ. ನೀರು ತುಂಬಿದ ಪೈಪು ಒಡೆದರೆ ಚಿಲ್ಲನೆ ಚಿಮ್ಮಿ ತಣ್ಣಗಾಗುತ್ತದೆ, ಯಾಕೆಂದರೆ ನೀರು ಅಮುಕಿದರೆ ಅಮುಕಿಕೊಳ್ಳುವುದಿಲ್ಲ. ಹವಾ ಸ್ಪ್ರಿಂಗಿನ ಹಾಗೆ ಅಮುಕಿಕೊಂಡು ಕೂತಿರುತ್ತದೆ. ಒಡೆದರೆ ಪಿವಿಸಿ ಚೂರುಚೂರಾಗಿ ಹಾರುತ್ತದೆ. ಅದಕ್ಕೇ ರಾಕೆಟ್ಟು ಕೂಡಿಸುವ ಲಾಂಚರಿನ ಪೈಪು ಆದಷ್ಟು ಗಿಡ್ಡ ಇರಲಿ, ಬಿಸಿಲಲ್ಲಿ ವರ್ಷಗಟ್ಟಲೆ ಬಿದ್ದ ತುಂಡು ಬೇಡ.

ಹೊಸ ಬಾಟಲಿಯನ್ನು ಮೊದಲು ಬಾಯಿತನಕ ನೀರು ತುಂಬಿ, ಹಾರಿಸುವುದಕ್ಕಿಂತ 20 ಪೌಂಡ್ ಹೆಚ್ಚು ಹವಾ ಹಾಕಿ ಐದು ನಿಮಿಷ ಬಿಡುತ್ತೇನೆ. ಒಡೆಯುವುದಿದ್ದರೆ ಅಲ್ಲೇ ಸುಮ್ಮನೆ ಒಡೆಯಲಿ. ಗ್ಯಾಸಿನ ಪಾನೀಯದ ಬಾಟಲಿಯೇ ಆಗಬೇಕು. ಕುಡಿಯುವ ನೀರಿನ ಬಾಟಲಿ ಕೈಯಲ್ಲಿ ಹಿಡಿದರೇ ಕರಕರ ಅನ್ನುತ್ತದೆ, ಅದರ ತಂಟೆ ಬೇಡ.

ಕವಚ ತಡೆದಷ್ಟೇ ಬಾಣ ಹಾರುತ್ತದೆ ಎಂಬುದು ನಮ್ಮ ನಾಡಿಗೆ ಹಳೆಯ ವಿದ್ಯೆ. ಹೊಸನಗರ ತಾಲೂಕಿನ ನಗರ ಎಂಬ ಊರಿನಲ್ಲಿ 2018ರಲ್ಲಿ ಹಾಳುಬಾವಿಯಿಂದ ಟಿಪ್ಪುವಿನ ಕಾಲದ ಸಾವಿರಕ್ಕೂ ಹೆಚ್ಚು ರಾಕೆಟ್ಟುಗಳು ಸಿಕ್ಕವಲ್ಲ, ಅವುಗಳ ಬಲ ಕಬ್ಬಿಣದ ಕೊಳವೆಯಲ್ಲಿತ್ತು.

5. ಬಿಡಿಸುವುದು ಕಟ್ಟುವುದಕ್ಕಿಂತ ಕಷ್ಟ

ಬಾಟಲಿಯ ಕುತ್ತಿಗೆಯಲ್ಲಿ ಒಂದು ಬಳೆ ಇದೆ. ಆ ಬಳೆಯನ್ನು ಗಟ್ಟಿ ಹಿಡಿದು, ಬೇಕೆಂದಾಗ ಒಮ್ಮೆಲೇ ಬಿಡಬೇಕು. ಲೋಕದಲ್ಲೆಲ್ಲ ಜನ ಬಳಸುವುದು ಕ್ಲಾರ್ಕ್ ಎಂಬವರ ಹೆಸರಿನ ಕೇಬಲ್ ಟೈ ಉಪಾಯ. ಹನ್ನೆರಡು ಕೇಬಲ್ ಟೈಗಳನ್ನು ಪೈಪಿನ ಸುತ್ತ ನಿಲ್ಲಿಸಿ ಕಟ್ಟಿ, ಅವುಗಳ ತಲೆಗಳು ಬಳೆಯನ್ನು ಹಿಡಿಯುವಂತೆ ಮಾಡುವುದು. ಮೇಲೆ ದಪ್ಪ ಪೈಪಿನ ತುಂಡೊಂದು ಕೊರಳಪಟ್ಟಿಯಂತೆ ಆ ತಲೆಗಳನ್ನು ಒತ್ತಿ ಹಿಡಿದಿರುತ್ತದೆ. ಹಗ್ಗ ಎಳೆದರೆ ಪಟ್ಟಿ ಕೆಳಗಿಳಿಯುತ್ತದೆ, ತಲೆಗಳು ಬಿಚ್ಚಿಕೊಳ್ಳುತ್ತವೆ.

ನಾನು ಹಗ್ಗವನ್ನು ಪಟ್ಟಿಯ ಒಂದೇ ಬದಿಗೆ ಕಟ್ಟಿದ್ದೆ. ಎಳೆದಾಗ ಪಟ್ಟಿ ಸೊಟ್ಟಗಾಗಿ ಸಿಕ್ಕಿಕೊಂಡಿತು, ಇನ್ನೂ ಜಗ್ಗಿದೆ, ಲಾಂಚರೇ ನಮ್ಮ ಕಡೆಗೆ ವಾಲಿತು, ಆಮೇಲೆ ಬಿಟ್ಟುಕೊಂಡಿತು. ರಾಕೆಟ್ಟು ನೆಲಮಟ್ಟದಲ್ಲಿ ನಮ್ಮ ನಡುವೆಯೇ ಹಾದು ಹೋಯಿತು. ಆ ದಿನ ಆಟ ಬಂದ್. ಮರುದಿನ ದ್ರಾಕ್ಷಿ ಚಪ್ಪರದ ಹಳೆಯ ಆ್ಯಂಗಲ್ ತುಂಡನ್ನು ನೆಲಕ್ಕೆ ಹೊಡೆದು ಲಾಂಚರನ್ನು ಅದಕ್ಕೆ ತಂತಿಯಿಂದ ಬಿಗಿದೆ. ಪಟ್ಟಿಗೆ ಎರಡೂ ಬದಿ ತೂತು ಹಾಕಿ ಹಗ್ಗ ಪೋಣಿಸಿದೆ. ಹಗ್ಗ ಹತ್ತು ಮೀಟರ್ ಮಾಡಿದೆ.

ಕೇಬಲ್ ಟೈ ಕರಿಯದೇ ತರಬೇಕು. ಬಿಳಿಯವು ನಮ್ಮ ಬಿಸಿಲಿಗೆ ಬಲುಬೇಗ ಪುಟಪುಟ ಮುರಿಯುತ್ತವೆ. ಡ್ರಿಪ್ಪಿನ ಲ್ಯಾಟರಲ್ ಕರಿ ಬಣ್ಣದ್ದಿರುವುದೂ ಅದಕ್ಕೇ: ಒಳಗಿನ ಇಂಗಾಲ ಬಿಸಿಲು ತಡೆಯುತ್ತದೆ.

6. ಮೂಗು ಭಾರ, ಬಾಲ ಹಗುರ

ಮೂಗಿಗೆ ಒಂದು ಹಿಡಿ ಒದ್ದೆ ಮಣ್ಣು, ಬಾಲಕ್ಕೆ ಮೂರು ರೆಕ್ಕೆ. ಇದರ ಬಗ್ಗೆ ಹುಡುಗರಿಗೆ ನನಗಿಂತ ಹೆಚ್ಚು ಗೊತ್ತು.

7. ಕಬ್ಬು ನಿಂತಾಗ ಹಾರಿಸಬೇಡಿ

2015ರಲ್ಲಿ ದಕ್ಷಿಣ ಆಫ್ರಿಕಾದ ಕೇಪ್‌ಟೌನ್ ವಿಶ್ವವಿದ್ಯಾಲಯದವರು ನೀರಿನ ರಾಕೆಟ್ಟನ್ನು 830 ಮೀಟರ್ ಏರಿಸಿದ್ದಾರೆ ಎಂದು ಅಕ್ಕನ ಮಗಳು ಎಲ್ಲಿಯೋ ಓದಿಕೊಂಡು ಬಂದಳು. ನಮ್ಮದು ಹುಣಸೆಮರ ದಾಟಿದರೆ ಹಬ್ಬ. ಆದರೂ ಮಳೆಗಾಲದ ಪಡುವಣ ಗಾಳಿಗೆ ಸಿಕ್ಕರೆ ಅಷ್ಟೇ ಎತ್ತರವೂ ಸಾಕು, ರಾಕೆಟ್ಟು ಪಕ್ಕದವರ ಕಬ್ಬಿನೊಳಗೆ. ಆಳೆತ್ತರಕ್ಕಿಂತ ಎರಡು ಪಟ್ಟು ಬೆಳೆದ ಕಬ್ಬಿನ ರವದಿಯಲ್ಲಿ ಬಾಟಲಿ ಹುಡುಕುವುದು ಬೇಡ, ಮೈಯೆಲ್ಲ ಕೊಯ್ದುಕೊಳ್ಳುತ್ತದೆ, ಹಾವಿನ ಭಯ ಬೇರೆ. ವಿದ್ಯುತ್ ತಂತಿ ಇರುವ ಕಡೆ ಸುಳಿಯಲೇಬೇಡಿ. ಕಡಿದ ಹೊಲ ಸಿಕ್ಕರೆ ಬೆಳಿಗ್ಗೆ ಎಂಟರೊಳಗೆ, ಗಾಳಿ ಏಳುವ ಮುಂಚೆ.

ಮೊದಲ ವರ್ಷ ಹೀಗೆ ಮೂರು ರಾಕೆಟ್ಟು ಹೋದವು. ಜನವರಿಯಲ್ಲಿ ಆ ಹೊಲಕ್ಕೆ ಕಬ್ಬು ಕಡಿಯುವ ಗ್ಯಾಂಗು ಬಂತು. ಸಂಜೆ ಹೊಲದ ಯಜಮಾನ ಒಂದು ಬಾಟಲಿ ತಂದು ಕಟ್ಟೆಯ ಮೇಲಿಟ್ಟು, "ನಿನ್ನ ವಿಮಾನ ಸಿಕ್ಕೈತಿ ನೋಡಪಾ" ಅಂದ. ರೆಕ್ಕೆಗಳನ್ನು ಇಲಿ ತಿಂದಿದ್ದವು, ಬಾಟಲಿ ಮಸುಕಾಗಿತ್ತು. ಮುಚ್ಚಳ ಬಿಚ್ಚಿ ನೋಡಿದೆ, 9 ಮಿ.ಮೀ. ನಾಝಲ್ ಹಾಗೇ ಇತ್ತು. ತೊಳೆದು ಹೊಸ ಬಾಟಲಿಗೆ ತಿರುಗಿಸಿದೆ, ಒಂದು ಹನಿಯೂ ಸೋರಲಿಲ್ಲ.