ಕಾಕ್ಲಿಯರ್ ಇಂಪ್ಲಾಂಟಿಗೆ ಮುನ್ನ ಕಿವಿಯ ಸ್ಕ್ಯಾನ್: ಪಾಲಕರು ಅರಿತಿರಬೇಕಾದ ಸಂಗತಿಗಳು

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಹಳ್ಳಿಗಳಿಂದ, ವರ್ಷ ತುಂಬಿದರೂ ಕರೆದ ಕಡೆಗೆ ಹೊರಳಿ ನೋಡದ ಕೂಸನ್ನೆತ್ತಿಕೊಂಡು ವಿಜಯಪುರಕ್ಕೋ ಸೊಲ್ಲಾಪುರಕ್ಕೋ ಮಿರಜಿಗೋ ಧಾವಿಸುವ ತಂದೆತಾಯಂದಿರು ಎಷ್ಟೋ ವೇಳೆ ಮೊದಲು ಕೇಳುವುದು ಸ್ಕ್ಯಾನನ್ನೇ. ಚಿತ್ರವೊಂದನ್ನು ತೆಗೆಸಿದರೆ ಕಿವುಡಿದೆಯೋ ಇಲ್ಲವೋ ಎಂಬುದು ನಿಶ್ಚಯವಾದೀತೆಂದು ಅವರ ಭಾವನೆ. ಚಿತ್ರಕ್ಕೆ ಆ ಶಕ್ತಿಯಿಲ್ಲ. ಹುಟ್ಟುಕಿವುಡಿನ ಐದು ಮಕ್ಕಳಲ್ಲಿ ಸುಮಾರು ನಾಲ್ವರ ಒಳಗಿವಿಯ ಎಲುಬು ಸ್ಕ್ಯಾನಿನಲ್ಲಿ ನಿರ್ದೋಷವಾಗಿಯೇ ಕಾಣುತ್ತದೆ. ಕೊರತೆಯಿರುವುದು ಯಂತ್ರದ ದೃಷ್ಟಿಗೆ ನಿಲುಕದ ಸೂಕ್ಷ್ಮ ಜೀವಕೋಶಗಳಲ್ಲಿ. ಸೋದರಮಾವನಿಗೆ ಹೆಣ್ಣು ಕೊಡುವ ರೂಢಿಯ ನಮ್ಮ ಸೀಮೆಯಲ್ಲಿ ಅಪರೂಪವಲ್ಲದ ಆನುವಂಶಿಕ ಕಿವುಡಿನಲ್ಲಿಯೂ ಬಹುಮಟ್ಟಿಗೆ ಇದೇ ಕಥೆ.

ಆದುದರಿಂದ ಮೊದಲು ಆಗಬೇಕಾದುದು ಬೇರಾ ಮೊದಲಾದ ಶ್ರವಣಪರೀಕ್ಷೆ. ಅನಂತರ ಕೆಲವು ತಿಂಗಳು ಕಿವಿ ಮಷೀನಿನ ಪ್ರಯೋಗ. ಅದರಿಂದ ಫಲ ಕಾಣದೆ, ಒಳಗಿವಿಯೊಳಗೆ ಎಲೆಕ್ಟ್ರೋಡನ್ನು ಕೂರಿಸುವ ಇಂಪ್ಲಾಂಟ್ ಶಸ್ತ್ರಕ್ರಿಯೆಯೇ ಯೋಗ್ಯವೆಂದು ತಜ್ಞರು ನಿಶ್ಚಯಿಸಿದ ಮೇಲೆ ಸ್ಕ್ಯಾನು. ಯಾವ ಕಿವಿ, ಯಾವ ಮಾರ್ಗ, ಎಂಥ ಎಲೆಕ್ಟ್ರೋಡು ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಕೊಡುವುದೇ ಅದರ ಕೆಲಸ. ಈ ಕ್ರಮಕ್ಕೆ ಒಂದು ದೊಡ್ಡ ಅಪವಾದವುಂಟು: ಮೆನಿಂಜೈಟಿಸ್ ಎಂಬ ಮಿದುಳುಪೊರೆಯ ಜ್ವರದಿಂದ ಕಿವಿ ಹೋದ ಮಗುವಿನ ಒಳಗಿವಿಯ ಕುಹರವು ಕೆಲವೇ ವಾರಗಳಲ್ಲಿ ಎಲುಬಿನಿಂದ ತುಂಬಿಕೊಳ್ಳತೊಡಗಬಹುದಾದ್ದರಿಂದ, ಅಲ್ಲಿ ಮಷೀನಿನ ಫಲವನ್ನು ಕಾಯುತ್ತ ಕೂರದೆ ಕೂಡಲೇ ಚಿತ್ರ ತೆಗೆಸತಕ್ಕದ್ದು.

ಚಿತ್ರಗಳು ಎರಡು ಬಗೆ, ಒಂದು ಇನ್ನೊಂದರ ಬದಲಿಯಲ್ಲ. ಟೆಂಪೊರಲ್ ಬೋನ್ ಸಿ.ಟಿ. ಎಲುಬನ್ನು ತೋರಿಸುತ್ತದೆ, ಎಂ.ಆರ್.ಐ. ಒಳಗಿವಿಯ ದ್ರವವನ್ನೂ ನರವನ್ನೂ ತೋರಿಸುತ್ತದೆ. ಹಿಂದೆಂದೋ ಜ್ವರಕ್ಕೋ ಪೆಟ್ಟಿಗೋ ತೆಗೆಸಿದ ತಲೆಯ ಸಿ.ಟಿ. ಇದ್ದರೆ ಅದೇ ಸಾಕೆಂದು ನಂಬಬಾರದು. ಕಿವಿಗೆ ಬೇಕಾದುದು 0.6 ಮಿ.ಮೀ. ಅಥವಾ ಅದಕ್ಕೂ ತೆಳುವಾದ ಪದರಗಳು.

ಸಿ.ಟಿ. ಕೆಲವೇ ಸೆಕೆಂಡುಗಳ ಕೆಲಸ, ಎಂ.ಆರ್.ಐ.ಗೆ ಅರ್ಧ ತಾಸೋ ಅದಕ್ಕೂ ಮಿಕ್ಕೋ ಬೇಕಾದ್ದರಿಂದ ಚಿಕ್ಕ ಮಕ್ಕಳಿಗೆ ನಿದ್ರೆಯ ಔಷಧಿ ಕೊಡುತ್ತಾರೆ. ಅದಕ್ಕೆ ಮುನ್ನ ಗಟ್ಟಿ ಆಹಾರವನ್ನು ಸಾಮಾನ್ಯವಾಗಿ 6 ತಾಸು, ಎದೆಹಾಲನ್ನು 4 ತಾಸು ನಿಲ್ಲಿಸಬೇಕು. ಮುದ್ದೇಬಿಹಾಳದಿಂದ ನಸುಕಿನ ಬಸ್ಸು ಹಿಡಿದು ಹಸಿದ ಕೂಸನ್ನು ಸಂತೈಸುತ್ತ ಬರುವುದಕ್ಕಿಂತ ಹಿಂದಿನ ರಾತ್ರಿ ಸ್ಕ್ಯಾನ್ ನಡೆಯುವ ಊರಲ್ಲೇ ತಂಗಿ ಬೆಳಗಿನ ಸರದಿಯನ್ನು ಕೇಳಿ ಪಡೆಯುವುದು ಲೇಸು. ನೆಗಡಿಯಾಗಲಿ ಕಿವಿ ಸೋರುವುದಾಗಲಿ ಇದ್ದರೆ ಮುಂಚೆಯೇ ತಿಳಿಸಬೇಕು. ಸ್ಕ್ಯಾನ್ ಮುಗಿಸಿ ಹೊರಡುವಾಗ ಬರೆಹದ ವರದಿಯೊಂದನ್ನೇ ಮಡಿಸಿ ಜೇಬಿಗಿಟ್ಟು ಬರುವವರೇ ಹೆಚ್ಚು. ಶಸ್ತ್ರವೈದ್ಯರಿಗೆ ವರದಿಗಿಂತ ಅಗತ್ಯವಾದುದು ಚಿತ್ರಗಳೆಲ್ಲವೂ ಇರುವ ಸಿ.ಡಿ.

ಆ ಸಿ.ಡಿ.ಯಲ್ಲಿ ಅವರು ನೋಡುವುದಾದರೂ ಏನನ್ನು? ಕಾಕ್ಲಿಯವು ಒಳಗಿವಿಯಲ್ಲಿರುವ ಎರಡೂವರೆ ಸುತ್ತಿನ ಪುಟ್ಟ ಶಂಖ. ಹುಟ್ಟುವಾಗಲೇ ಪೂರ್ಣ ಗಾತ್ರವನ್ನು ಪಡೆದಿರುತ್ತದೆ. ಅದರ ಬುಡದ ಸುತ್ತಿನ ಅಡ್ಡಳತೆ ಸುಮಾರು 9 ಮಿ.ಮೀ.; ಇದನ್ನು ಅಳೆದು ಒಳಗಣ ನಾಳದ ಉದ್ದವನ್ನು ಊಹಿಸಿ ತಕ್ಕ ಎಲೆಕ್ಟ್ರೋಡನ್ನು ಆರಿಸುತ್ತಾರೆ. ಅಲ್ಲಿಗೆ ಸಾಗುವ ದಾರಿ, ಮುಖವನ್ನಾಡಿಸುವ ನರಕ್ಕೂ ನಾಲಗೆಯ ರುಚಿಯ ನರಕ್ಕೂ ನಡುವಣ ಎರಡು ಮೂರು ಮಿ.ಮೀ.ಗಳ ಸಂದು. ಮುಖನರವು ತನ್ನ ಸಹಜ ಪಥವನ್ನು ಬಿಟ್ಟು ಹರಿದಿದ್ದರೆ ಮೊದಲೇ ತಿಳಿದಿರುವುದು ಎಷ್ಟು ಮುಖ್ಯವೆಂಬುದು, ಆ ನರಕ್ಕೆ ಪೆಟ್ಟಾದರೆ ಬಾಯಿ ಸೊಟ್ಟಗಾಗುವುದೆಂದರೆ ಸಾಕು, ಅರ್ಥವಾದೀತು. ಬಳಿಕ ಎಂ.ಆರ್.ಐ.: ಒಳಗಿವಿಯ ಕಾಲುವೆಯನ್ನು ಅಡ್ಡಲಾಗಿ ಸೀಳಿದಂತೆ ತೆಗೆದ ಚಿತ್ರದಲ್ಲಿ ನಾಲ್ಕು ನರಗಳು ನಾಲ್ಕು ಚುಕ್ಕೆಗಳಾಗಿ ತೋರಬೇಕು. ಶ್ರವಣನರದ ಚುಕ್ಕೆ ಕಾಣದಿದ್ದರೆ ಅಥವಾ ತೀರ ಸಣ್ಣದಿದ್ದರೆ, ಎಷ್ಟು ಒಳ್ಳೆಯ ಯಂತ್ರವನ್ನು ಕೂರಿಸಿದರೂ ಫಲ ಸಂದೇಹಾಸ್ಪದ. ಎರಡು ಕಿವಿಗಳಲ್ಲಿ ಒಂದನ್ನೇ ಆರಿಸಬೇಕಾದಾಗ ನರ ಚೆನ್ನಾಗಿರುವ ಕಿವಿಗೆ ಮನ್ನಣೆ ಸಲ್ಲುವುದು ಇದರಿಂದಲೇ.

ಇಟಲಿಯ ಕಾರ್ಲೊ ಮೊಂಡೀನಿ 1791ರಲ್ಲಿ ವರ್ಣಿಸಿದ, ಸುತ್ತುಗಳು ಪೂರ್ತಿಯಾಗದ ಕಾಕ್ಲಿಯವಿದ್ದರೂ ಇಂಪ್ಲಾಂಟ್ ಸಾಧ್ಯ. ಆದರೆ ಇಂಥ ವಿಕೃತಿಗಳಲ್ಲಿ ಕೊರೆದೊಡನೆ ಮಿದುಳಿನ ದ್ರವವು ಚಿಮ್ಮಬಹುದಾದ್ದರಿಂದ ವೈದ್ಯರು ಅದಕ್ಕೆ ಸಿದ್ಧರಾಗಿಯೇ ಕೈಹಾಕುತ್ತಾರೆ. ಒಳಗಿವಿಯೇ ರೂಪುಗೊಂಡಿಲ್ಲವೆಂದು ಚಿತ್ರವು ಹೇಳಿದರೆ ಮಾತ್ರ ಈ ಶಸ್ತ್ರಕ್ರಿಯೆಗೆ ಅವಕಾಶವಿಲ್ಲ. ಆ ಮಾತನ್ನು ವೈದ್ಯರಿಂದ ಸ್ಪಷ್ಟವಾಗಿ ಕೇಳಿ ತಿಳಿಯುವುದು ಪಾಲಕರ ಹಕ್ಕು.

ವೆಚ್ಚಕ್ಕೆ ಅಂಜಿ ಹಿಂಜರಿಯುವವರು, 2014ರಿಂದ ಕೇಂದ್ರದ ಅಡಿಪ್ ಯೋಜನೆಯಲ್ಲಿ ಅರ್ಹ ಮಕ್ಕಳ ಇಂಪ್ಲಾಂಟಿಗೆ ನೆರವುಂಟೆಂಬುದನ್ನು ನೆನೆಯಬೇಕು. ಅದಕ್ಕೆ ವಯಸ್ಸಿನ ಮಿತಿಯಿರುವುದರಿಂದ, ಜಿಲ್ಲಾ ಆಸ್ಪತ್ರೆಯ ಕಿವಿ ವಿಭಾಗದಲ್ಲಾಗಲಿ, 1965ರಲ್ಲಿ ಸ್ಥಾಪಿತವಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಾಗಲಿ ಬೇಗನೆ ವಿಚಾರಿಸುವುದೊಳಿತು.

ಇನ್ನೆರಡು ಮಾತು. ಇಂಪ್ಲಾಂಟಿನೊಳಗೆ ಅಯಸ್ಕಾಂತವಿರುವ ಕಾರಣ ಮುಂದೆ ಎಂ.ಆರ್.ಐ. ಮಾಡಿಸುವುದು ತೊಡಕಿನ ವಿಷಯ. ಮಿದುಳಿನ ಬಗೆಗೆ ಬೇರೆ ಯಾವ ಶಂಕೆಯಿದ್ದರೂ ಅದನ್ನು ಈಗಲೇ, ಇದೇ ಚಿತ್ರದಲ್ಲಿ ಪರಿಹರಿಸಿಕೊಳ್ಳಬೇಕು. ಒಳಗಿವಿಯ ವಿಕೃತಿಯುಳ್ಳ ಮಕ್ಕಳಿಗೆ ಮೆನಿಂಜೈಟಿಸಿನ ಭಯವು ಹೆಚ್ಚಾದ್ದರಿಂದ ನ್ಯುಮೊಕಾಕಲ್ ಲಸಿಕೆಯು ಶಸ್ತ್ರಕ್ರಿಯೆಗೆ ಕನಿಷ್ಠ ಎರಡು ವಾರ ಮುಂಚೆಯೇ ಪೂರ್ಣವಾಗಿರಬೇಕು; ಸಿ.ಡಿ.ಯ ಜೊತೆಗೆ ತಾಯಿ ಕಾರ್ಡನ್ನೂ ವೈದ್ಯರ ಮುಂದಿಡಿ.