ಮಿನಿ ಮಾಡಿದವರು ಎಲ್ಲಿ ಹೋದರು?

ಕಾಲೇಜಿನ ಪಾರ್ಕಿಂಗಿನಲ್ಲಿ ನಿಂತಿರೋ ಯಾವುದಾದರೂ ಆಲ್ಟೋದ ಬಾನೆಟ್ ಎತ್ತಿ ನೋಡಿ. ಇಂಜಿನ್ ಅಡ್ಡಲಾಗಿ ಕೂತಿರುತ್ತೆ, ಮುಂದಿನ ಚಕ್ರಗಳೇ ಕಾರನ್ನು ಎಳೆಯುತ್ತವೆ. ಈ ಜೋಡಣೆಯನ್ನು ಲಕ್ಷಗಟ್ಟಲೆ ಕಾರುಗಳಲ್ಲಿ ಮಾಡಿ ತೋರಿಸಿ ಜಗತ್ತನ್ನು ಒಪ್ಪಿಸಿದ್ದು ಬ್ರಿಟನ್ನಿನ ಮಿನಿ. ಅದನ್ನು ಮಾಡಿದ ಕಂಪನಿ ಮಾತ್ರ ಈಗಿಲ್ಲ.

1950ರಲ್ಲಿ ಜಗತ್ತಿಗೆ ಅತಿ ಹೆಚ್ಚು ಕಾರು ರಫ್ತು ಮಾಡುತ್ತಿದ್ದ ದೇಶ ಬ್ರಿಟನ್. ಯುದ್ಧದಲ್ಲಿ ಯೂರೋಪಿನ ಕಾರ್ಖಾನೆಗಳು ನೆಲಕಚ್ಚಿದ್ದವು, ಸ್ಪರ್ಧೆಯೇ ಇರಲಿಲ್ಲ. ನಮ್ಮ ಅಂಬಾಸಿಡರ್ ಕೂಡ ಆ ಕಾಲದ ಮಾರಿಸ್ ಆಕ್ಸ್‌ಫರ್ಡ್‌ನದೇ ರೂಪ. 1952ರಲ್ಲಿ ಆಸ್ಟಿನ್ ಮತ್ತು ಮಾರಿಸ್ ಒಂದಾಗಿ ಬಿಎಂಸಿ ಆಯಿತು. 1956ರ ಸೂಯೆಜ್ ಬಿಕ್ಕಟ್ಟಿನಲ್ಲಿ ಪೆಟ್ರೋಲಿಗೆ ರೇಷನ್ ಬಂದಾಗ, ಕಡಿಮೆ ಕುಡಿಯುವ ಪುಟ್ಟ ಕಾರು ಬೇಕು ಅಂತ ಕಂಪನಿ ಅಲೆಕ್ ಇಸಿಗೋನಿಸ್‌ಗೆ ಹೇಳಿತು.

ಆತ ಮಾಡಿದ್ದು ನೋಡಿ. ಕಾರಿನ ಉದ್ದ ಬರೀ 10 ಅಡಿ, ಚಕ್ರ 10 ಇಂಚು, 848 ಸಿಸಿ ಇಂಜಿನ್. ಇಂಜಿನ್ನನ್ನು ಅಡ್ಡ ತಿರುಗಿಸಿ, ಗೇರ್‌ಬಾಕ್ಸನ್ನು ಅದರ ಕೆಳಗೆ ಸಂಪ್‌ನೊಳಗೇ ಇಟ್ಟ. ಎರಡಕ್ಕೂ ಒಂದೇ ಎಣ್ಣೆ! ಉಳಿದ ಜಾಗವೆಲ್ಲ ನಾಲ್ಕು ಜನಕ್ಕೆ. (ಡಿಸ್ಟ್ರಿಬ್ಯೂಟರ್ ಗ್ರಿಲ್ಲಿನ ಹಿಂದೆಯೇ ಇದ್ದದ್ದರಿಂದ ಜೋರು ಮಳೆಗೆ ಒದ್ದೆಯಾಗಿ ಕಾರು ನಿಂತುಬಿಡುತ್ತಿತ್ತು, ಅದು ಬೇರೆ ಮಾತು.) ಇವತ್ತಿನ ಕಾರುಗಳಲ್ಲಿ ಗೇರ್‌ಬಾಕ್ಸ್ ಇಂಜಿನ್ನಿನ ಪಕ್ಕದಲ್ಲಿರುತ್ತೆ. ಆ ತಿದ್ದುಪಡಿ ಫಿಯೆಟ್‌ನ ದಾಂತೆ ಜಿಯಾಕೋಸಾ ಅವರದು.

1959ರಲ್ಲಿ ಬಂದ ಮಿನಿಯ ಬೆಲೆ ತೆರಿಗೆ ಸೇರಿ 496 ಪೌಂಡ್. ಫೋರ್ಡ್‌ನವರು ಒಂದನ್ನು ಕೊಂಡು, ಪೂರ್ತಿ ಬಿಚ್ಚಿ, ಒಂದೊಂದು ಭಾಗಕ್ಕೂ ಲೆಕ್ಕ ಹಾಕಿದರು. ಬಿಎಂಸಿ ಪ್ರತಿ ಕಾರಿಗೂ ಸುಮಾರು 30 ಪೌಂಡ್ ಕಳೆದುಕೊಳ್ಳುತ್ತಿದೆ ಅಂತ ಅವರ ಲೆಕ್ಕ ಹೇಳಿತು. ಬಿಎಂಸಿ ಒಪ್ಪಲಿಲ್ಲ. ಆದರೆ ಹೊಸ ಮಾಡೆಲ್‌ಗಳಿಗೆ ಬೇಕಾದಷ್ಟು ಲಾಭ ಮಿನಿಯಿಂದ ಬರಲಿಲ್ಲ ಅನ್ನೋದಂತೂ ನಿಜ.

ಹೆಸರಿಗಷ್ಟೇ ಒಂದಾಗಿದ್ದ ಕಂಪನಿ ಅದು. ಆಸ್ಟಿನ್ ಡೀಲರ್ ಬೇರೆ, ಮಾರಿಸ್ ಡೀಲರ್ ಬೇರೆ. ಒಂದೇ 1100 ಕಾರನ್ನು ಆಸ್ಟಿನ್, ಮಾರಿಸ್, ಎಂಜಿ, ವುಲ್ಸ್‌ಲೀ, ರೈಲಿ, ವ್ಯಾಂಡನ್ ಪ್ಲಾ ಅಂತ ಆರು ಹೆಸರಲ್ಲಿ ಮಾರಿದರು. 1968ರಲ್ಲಿ ಲೇಲ್ಯಾಂಡ್ ಜೊತೆ ಸೇರಿ ಬ್ರಿಟಿಷ್ ಲೇಲ್ಯಾಂಡ್ ಆದ ಮೇಲೆ ರೋವರ್, ಟ್ರಯಂಫ್, ಜಾಗ್ವಾರ್ ಎಲ್ಲ ಒಂದೇ ಸೂರಿನಡಿ ಬಂದವು. ಮನೆ ದೊಡ್ಡದಾಯಿತು, ಒಲೆಗಳು ಮಾತ್ರ ಬೇರೆ ಬೇರೆಯೇ.

ನನ್ನ ಪ್ರಕಾರ ಇಡೀ ಕಥೆ 1970ರ ಟ್ರಯಂಫ್ ಸ್ಟ್ಯಾಗ್ ಕಾರಲ್ಲೇ ಇದೆ. ರೋವರ್ ಹತ್ತಿರ 3.5 ಲೀಟರಿನ ಹಗುರವಾದ, ಗಟ್ಟಿಯಾದ ಅಲ್ಯೂಮಿನಿಯಂ ವಿ8 ಇತ್ತು. ಟ್ರಯಂಫ್‌ನವರು ಅದನ್ನು ಬಿಟ್ಟು ತಮ್ಮದೇ 3 ಲೀಟರ್ ವಿ8 ಹಾಕಿದರು. ಅದು ಬಿಸಿಯಾಗೋದಕ್ಕೇ ಹೆಸರಾಯಿತು. ಸುಂದರವಾದ ಕಾರು ಹೀಗೆ ಕೆಟ್ಟ ಹೆಸರು ಹೊತ್ತಿತು.

ತಪ್ಪೆಲ್ಲ ಯೂನಿಯನ್‌ಗಳದ್ದು ಅನ್ನೋರಿದ್ದಾರೆ. ಎಪ್ಪತ್ತರ ದಶಕದಲ್ಲಿ ಮುಷ್ಕರಗಳು ವಿಪರೀತ ಆಗಿದ್ದು ಹೌದು. ಆದರೆ ಸ್ಟ್ಯಾಗ್‌ಗೆ ಯಾವ ಇಂಜಿನ್ ಅಂತ ತೀರ್ಮಾನಿಸಿದ್ದು ಲೈನಿನಲ್ಲಿ ನಿಂತ ಕಾರ್ಮಿಕನಲ್ಲ. 1986ರಲ್ಲಿ ನಿಸಾನ್ ಸಂಡರ್‌ಲೆಂಡ್‌ನಲ್ಲಿ ಕಾರ್ಖಾನೆ ತೆರೆದು, ಅದೇ ದೇಶದ ಕಾರ್ಮಿಕರಿಂದ ಒಳ್ಳೆ ಕಾರು ಮಾಡಿಸಿತಲ್ಲ?

1972ರಲ್ಲಿ ಬ್ರಿಟನ್ 19 ಲಕ್ಷ ಕಾರು ಮಾಡಿತ್ತು. ಹತ್ತೇ ವರ್ಷದಲ್ಲಿ ಅದು 9 ಲಕ್ಷಕ್ಕೂ ಕೆಳಗಿಳಿಯಿತು. 1975ರಲ್ಲಿ ಸರ್ಕಾರ ಕಂಪನಿಯನ್ನು ಕೈಗೆತ್ತಿಕೊಂಡಿತ್ತು. 1988ರಲ್ಲಿ ಬ್ರಿಟಿಷ್ ಏರೋಸ್ಪೇಸ್‌ಗೆ ಮಾರಿತು, 1994ರಲ್ಲಿ ಅದು ಬಿಎಂಡಬ್ಲ್ಯೂ ಪಾಲಾಯಿತು. 2000ದಲ್ಲಿ ಬಿಎಂಡಬ್ಲ್ಯೂ ಮಿನಿ ಹೆಸರನ್ನು ತನ್ನಲ್ಲೇ ಇಟ್ಟುಕೊಂಡು, ಲ್ಯಾಂಡ್ ರೋವರನ್ನು ಫೋರ್ಡ್‌ಗೆ ಕೊಟ್ಟು, ಉಳಿದ ಎಂಜಿ ರೋವರನ್ನು 10 ಪೌಂಡ್‌ಗೆ ಮಾರಿತು. ಹೌದು, ಹತ್ತೇ ಪೌಂಡ್! 2005ರ ಏಪ್ರಿಲ್‌ನಲ್ಲಿ ಲಾಂಗ್‌ಬ್ರಿಡ್ಜ್ ಕಾರ್ಖಾನೆ ನಿಂತಿತು, ಸುಮಾರು 6,000 ಜನ ಕೆಲಸ ಕಳೆದುಕೊಂಡರು. ಜಾಗ್ವಾರ್ ಮತ್ತು ಲ್ಯಾಂಡ್ ರೋವರ್ 2008ರಲ್ಲಿ ಟಾಟಾ ಕೈಗೆ ಬಂದವು. ಎಂಜಿ ಹೆಸರು ಚೀನಾಕ್ಕೆ ಹೋಯಿತು. ನಮ್ಮ ರಸ್ತೆಗಳಲ್ಲಿ ಓಡುವ ಎಂಜಿ ಹೆಕ್ಟರ್ ತಯಾರಾಗುವುದು ಗುಜರಾತಿನ ಹಾಲೋಲ್‌ನಲ್ಲಿ.